ಗೈಡ್ ಜೊತೆ ಮೊದಲ ಆರು ಸಾವಿರ ಮೀಟರ್ ಶಿಖರ: ತಯಾರಿಯಿಂದ ವಾಪಸ್ ಇಳಿಯುವವರೆಗೆ

5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹತ್ತಿರ ಹತ್ತಿರ ಅರ್ಧ. ಆಮ್ಲಜನಕದ ಪಾಲೇನೂ ಬದಲಾಗುವುದಿಲ್ಲ, ಅಲ್ಲೂ ಶೇಕಡಾ 21ರ ಆಸುಪಾಸೇ. ಆದರೆ ಗಾಳಿಯೇ ತೆಳು. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಅರ್ಧಕ್ಕೆ ಇಳಿಯುತ್ತದೆ. ನಿಮಗೂ ಅಷ್ಟೇ, ಗೈಡ್‌ಗೂ ಅಷ್ಟೇ. ಗೈಡ್ ದಾರಿ ತೋರಿಸುತ್ತಾರೆ, ಹಗ್ಗ ಕಟ್ಟುತ್ತಾರೆ, ಮೋಡ ನೋಡಿ ನಿರ್ಧಾರ ಮಾಡುತ್ತಾರೆ. ನಿಮ್ಮ ಪರವಾಗಿ ಉಸಿರಾಡಲು ಮಾತ್ರ ಅವರಿಂದ ಆಗುವುದಿಲ್ಲ.

ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ದುಡ್ಡು ಕಟ್ಟಿದ ಮೇಲೆ ಉಳಿದದ್ದೆಲ್ಲ ಅವರದ್ದು ಅಂದುಕೊಂಡು ಹೊರಡುವವರು ಜಾಸ್ತಿ. ಮೊದಲ ಸಲ ನಾನೂ ಹಾಗೇ ಹೊರಟಿದ್ದೆ. 5,000 ಮೀಟರ್ ದಾಟುವ ಮೊದಲೇ ಇಬ್ಬರು ತೋಳು ಹಿಡಿದು ನನ್ನನ್ನು ಇಳಿಸಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಹಲವು ದಿನಗಳ ಚಾರಣ ಮಾಡಿ ಅಭ್ಯಾಸವಿದ್ದು, 4,000 ಮೀಟರ್ ಆಸುಪಾಸಿನಲ್ಲಿ ಒಮ್ಮೆಯಾದರೂ ಮಲಗಿ ಎದ್ದವರಿಗೆ ಈ ಬರಹ. ಅದೂ ಆಗಿಲ್ಲ ಎಂದರೆ ಮೊದಲು ಅದನ್ನು ಮುಗಿಸಿಕೊಂಡು ಬನ್ನಿ.

1. ಶಿಖರದ ಆಯ್ಕೆ

ಎತ್ತರದ ಅಂಕಿ ನೋಡಿ ಶಿಖರ ಆರಿಸಬೇಡಿ. ಅರ್ಜೆಂಟೀನಾದ ಅಕೊನ್ಕಾಗುವಾ 6,961 ಮೀಟರ್, ಏಷ್ಯಾದ ಹೊರಗೆ ಅದಕ್ಕಿಂತ ಎತ್ತರದ್ದು ಇಲ್ಲ. ಆದರೂ ಅದರ ಸಾಮಾನ್ಯ ದಾರಿಯಲ್ಲಿ ಹಗ್ಗದ ಕೆಲಸ ಬಹಳ ಕಡಿಮೆ. ಕಾಡುವುದು ಗಾಳಿ ಮತ್ತು ಎತ್ತರ. ಅಲಾಸ್ಕಾದ ಡೆನಾಲಿ ಅದಕ್ಕಿಂತ ಸುಮಾರು 770 ಮೀಟರ್ ಕಡಿಮೆ, 6,190 ಮೀಟರ್. ಅಲ್ಲಿ ಪೋರ್ಟರ್‌ಗಳಿಲ್ಲ. ನಿಮ್ಮ ಸಾಮಾನನ್ನು ಸ್ಲೆಡ್ ಮೇಲೆ ಹಾಕಿಕೊಂಡು ನೀವೇ ಎಳೆಯಬೇಕು, ಚಳಿ ಬೇರೆ. ಧ್ರುವದ ಕಡೆಗೆ ಇರುವುದರಿಂದ ಅಷ್ಟೇ ಎತ್ತರದಲ್ಲಿ ಗಾಳಿ ಇನ್ನಷ್ಟು ತೆಳು. ನೇಪಾಳದ ಮೇರಾ ಪೀಕ್ 6,476 ಮೀಟರ್. ಹೆಚ್ಚಿನ ದಾರಿ ಹಿಮನದಿಯ ಮೇಲಿನ ನಡಿಗೆ, ಕೊನೆಗೆ ಸ್ವಲ್ಪ ಕಡಿದಾದ ಏರು. ಮೊದಲ ಸಲಕ್ಕೆ ಇಂಥದ್ದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಲೆಕ್ಕ ಹಾಕಿ. ಬೇಸ್ ಕ್ಯಾಂಪಿನಿಂದ ವಾಹನ ಓಡುವ ರಸ್ತೆಗೋ ವಿಮಾನ ಇಳಿಯುವ ಜಾಗಕ್ಕೋ ಎಷ್ಟು ದಿನದ ನಡಿಗೆ? ಹೆಲಿಕಾಪ್ಟರ್ ಇದೆಯಲ್ಲ ಅನ್ನಬಹುದು. ಮೋಡ ಮುಚ್ಚಿದರೆ ಅದು ಏಳುವುದಿಲ್ಲ, ಎತ್ತರ ಹೆಚ್ಚಿದಂತೆ ಅದು ಎತ್ತುವ ತೂಕವೂ ಕಡಿಮೆ. ಆ ನಡಿಗೆಯ ದಿನಗಳೇ ನಿಮ್ಮ ಆಂಬ್ಯುಲೆನ್ಸ್ ಅಂತ ತಿಳಿದುಕೊಳ್ಳಿ.

2. ಕಂಪನಿ ಆರಿಸುವುದು ಎಂದರೆ ದಿನಗಳನ್ನು ಎಣಿಸುವುದು

ಫೋಟೋಗಳನ್ನು ಪಕ್ಕಕ್ಕಿಡಿ. ಅವರು ಕೊಟ್ಟ ದಿನಚರಿ ತೆಗೆದುಕೊಂಡು ಒಂದು ಹಾಳೆಯ ಮೇಲೆ ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ಬರೆಯಿರಿ. ಹಗಲು ಎಲ್ಲಿವರೆಗೆ ಹತ್ತಿದಿರಿ ಅನ್ನುವುದಕ್ಕಿಂತ ಮಲಗುವ ಎತ್ತರ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಅದು ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಬೇಕು. ಪರ್ವತ ವೈದ್ಯರು ಹೇಳುವ ಲೆಕ್ಕ ಇದು.

ಮೇರಾವನ್ನೇ ನೋಡಿ. ವಿಮಾನ ಇಳಿಯುವ ಲುಕ್ಲಾ 2,860 ಮೀಟರ್. ಅಲ್ಲಿಂದ ಒಂದು ದಾರಿ ಸುಮಾರು 4,600 ಮೀಟರಿನ ಜತ್ರ್ವಾ ಲಾ ಎಂಬ ಕಣಿವೆದಾರಿ ದಾಟಿ ನೇರವಾಗಿ ಹೋಗುತ್ತದೆ. ಇನ್ನೊಂದು ದಕ್ಷಿಣಕ್ಕೆ ಸುತ್ತು ಹಾಕಿ, ತಗ್ಗಿನ ಕಾಡುಗಳನ್ನು ಹಾದು ನಿಧಾನಕ್ಕೆ ಏರುತ್ತದೆ. ಮೊದಲನೆಯದರಲ್ಲಿ ದಿನ ಉಳಿಯುತ್ತದೆ, ತಲೆ ಸಿಡಿಯುತ್ತದೆ. ಇಳಿಯುವಾಗ ಆ ದಾರಿ ಹಿಡಿದರೆ ತೊಂದರೆಯಿಲ್ಲ, ಆಗ ದೇಹ ಒಗ್ಗಿರುತ್ತದೆ. ಹತ್ತುವಾಗಲೂ ಅದೇ ದಾರಿ ಇಟ್ಟು "ಕಡಿಮೆ ದಿನದಲ್ಲಿ ಶಿಖರ" ಅಂತ ಮಾರುವವರಿಂದ ದೂರ ಇರಿ.

ಇದರ ಜೊತೆಗೆ ಹವಾಮಾನ ಕೆಟ್ಟರೆ ಕಾಯಲು ಎಷ್ಟು ದಿನ ಇಟ್ಟಿದ್ದಾರೆ ನೋಡಿ. ಒಂದೂ ಇಲ್ಲದಿದ್ದರೆ ಆ ಹಾಳೆ ಅಲ್ಲಿಗೇ ಮಡಚಿ. ಎರಡಿದ್ದರೆ ಒಳ್ಳೆಯದು.

ಆಮೇಲೆ ಫೋನ್ ಮಾಡಿ ಮಾತಾಡಿ. ಶಿಖರದ ದಿನ ಒಬ್ಬ ಗೈಡ್‌ಗೆ ಎಷ್ಟು ಜನ? ಗೈಡ್ ಎಲ್ಲಿ ತರಬೇತಿ ಪಡೆದವರು? ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ 1965ರಿಂದ ಇದೆ, ಅದರ ಬ್ಯಾಡ್ಜ್ ಸುಲಭಕ್ಕೆ ಸಿಗುವುದಿಲ್ಲ. ಆಮ್ಲಜನಕದ ಸಿಲಿಂಡರ್, ಒತ್ತಡದ ಚೀಲ (ಕಾಯಿಲೆಯವರನ್ನು ಒಳಗೆ ಮಲಗಿಸಿ ಗಾಳಿ ತುಂಬುವಂಥದ್ದು), ಸ್ಯಾಟಲೈಟ್ ಫೋನ್ ಜೊತೆಗೇ ಬರುತ್ತವೆಯಾ, ಇಲ್ಲ ಬೇಸ್ ಕ್ಯಾಂಪಲ್ಲೇ ಉಳಿಯುತ್ತವೆಯಾ? ವಾಪಸ್ ತಿರುಗುವ ನಿರ್ಧಾರ ಯಾರದ್ದು? ಪೋರ್ಟರ್‌ಗಳಿಗೆ ವಿಮೆ, ಬೂಟು, ಮಲಗಲು ಟೆಂಟ್ ಕೊಡುತ್ತೀರಾ, ಒಬ್ಬರ ಮೇಲೆ ಎಷ್ಟು ಕಿಲೋ ಹೊರಿಸುತ್ತೀರಿ? ಹೊರೆ ಹೊರುವವರನ್ನು ಚಳಿಗೆ ಬಿಡುವ ಕಂಪನಿ ಕಷ್ಟ ಬಂದಾಗ ನಿಮ್ಮನ್ನೂ ಹಾಗೇ ನೋಡುತ್ತದೆ.

ನನಗೆ ಇಷ್ಟವಾದ ಪ್ರಶ್ನೆ ಒಂದಿದೆ. "ಕಳೆದ ಸಲ ಶಿಖರ ಮುಟ್ಟದೆ ವಾಪಸ್ ಬಂದಿದ್ದು ಯಾಕೆ?" ಸರಿಯಾದ ಕಂಪನಿ ಗಾಳಿಯ ಕಥೆಯನ್ನೋ ಕಾಯಿಲೆಯ ಕಥೆಯನ್ನೋ ವಿವರವಾಗಿ ಹೇಳುತ್ತದೆ. "ನಮ್ಮಲ್ಲಿ ಎಲ್ಲರೂ ಮುಟ್ಟುತ್ತಾರೆ" ಅಂದರೆ ಫೋನ್ ಇಡಿ.

ವಿಮೆಯ ಕಾಗದವನ್ನು ಪೂರ್ತಿ ಓದಿ, ಬೇಜಾರಾದರೂ ಸರಿ. ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ ಅನ್ನುವ ಸಾಲು ಹುಡುಕಿ. ಹಗ್ಗ, ಐಸ್ ಆಕ್ಸ್ ಬಳಸುವ ಏರಾಟಕ್ಕೆ ಅನ್ವಯಿಸುವುದಿಲ್ಲ ಅನ್ನುವ ಸಾಲು ಇನ್ನೊಂದು ಕಡೆ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಹೆಲಿಕಾಪ್ಟರ್ ರಕ್ಷಣೆ ಬರೆದಿರಲೇಬೇಕು.

3. ವೈದ್ಯರ ಹತ್ತಿರ ಒಂದು ಸುತ್ತು

ಹೃದಯ, ಶ್ವಾಸಕೋಶ, ರಕ್ತದೊತ್ತಡ ತೋರಿಸುವುದು ಎಲ್ಲರಿಗೂ ಗೊತ್ತು. ಮರೆಯುವುದು ಮೂರು. ಒಂದು, ಹಲ್ಲು. ಹುಳುಕಿನೊಳಗೆ ಸಿಕ್ಕಿಕೊಂಡ ಗಾಳಿ ಎತ್ತರದಲ್ಲಿ ಹಿಗ್ಗಿ ಪ್ರಾಣ ಹಿಂಡುತ್ತದೆ. ಎರಡು, ರಕ್ತದ ಕಬ್ಬಿಣಾಂಶ. ಅದು ಕಡಿಮೆ ಇದ್ದರೆ ಹೊಸ ಕೆಂಪು ರಕ್ತಕಣ ಹುಟ್ಟುವುದು ನಿಧಾನ. ಮೂರು, ಕಣ್ಣು. ಹಿಂದೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಎತ್ತರಕ್ಕೆ ಹೋಗುತ್ತಿರುವುದನ್ನು ಕಣ್ಣಿನ ವೈದ್ಯರಿಗೆ ಹೇಳಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಯಾಮಾಕ್ಸ್ ಮಾತ್ರೆಯ ಬಗ್ಗೆ ಕೇಳಿ. ತಡೆಗೆಂದು ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮುಗುಡುತ್ತವೆ, ಮೂತ್ರ ಜಾಸ್ತಿ. ಸಲ್ಫಾ ಔಷಧಿ ಆಗದವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಏನೇ ಆಗಲಿ, ಮನೆಯಲ್ಲಿದ್ದಾಗಲೇ ಒಂದೆರಡು ದಿನ ನುಂಗಿ ನೋಡಿ.

4. ಆರು ತಿಂಗಳ ತಯಾರಿ

ಪರ್ವತದಲ್ಲಿ ಬೇಕಾಗುವುದು ನಿಧಾನಕ್ಕೆ, ಬಹಳ ಹೊತ್ತು, ದಿನದ ಮೇಲೆ ದಿನ ನಡೆಯುವ ಶಕ್ತಿ. ಅದಕ್ಕೇ ತಯಾರಿಯ ಬಹುಪಾಲು ಮಾತಾಡುತ್ತಾ ಮಾಡಬಹುದಾದ ವೇಗದಲ್ಲಿರಲಿ. ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ವಾರಕ್ಕೆ ಮೂರು ನಾಲ್ಕು ದಿನ ಒಂದು ಗಂಟೆಯಷ್ಟು ಹೀಗೆ ಓಡಿ, ಇಲ್ಲವೇ ಚುರುಕಾಗಿ ನಡೆಯಿರಿ. ಎರಡು ದಿನ ಕಾಲು, ಸೊಂಟ, ಬೆನ್ನಿಗೆ ಬಲದ ವ್ಯಾಯಾಮ.

ಮೂರನೇ ತಿಂಗಳಿಂದ ಮೆಟ್ಟಿಲು. ಬೆನ್ನಿಗೆ ಆರು ಕಿಲೋದಿಂದ ಶುರುಮಾಡಿ, ವಾರಕ್ಕೆ ಒಂದು ಕಿಲೋದಂತೆ ಹದಿನೈದರವರೆಗೆ ಹೋಗಿ. ಒಂದು ಮಹಡಿ ಸುಮಾರು 3 ಮೀಟರ್ ಅಂದುಕೊಂಡರೆ ನೂರು ಮಹಡಿಗೆ 300 ಮೀಟರ್ ಏರು. ತಲೆಕೆಡುವಷ್ಟು ಬೇಜಾರಿನ ಕೆಲಸ. ಆದರೆ ಬೆಟ್ಟವಿಲ್ಲದ ಕಡೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ತೂಕಕ್ಕೆ ನೀರಿನ ಬಾಟಲಿ ಇಟ್ಟುಕೊಂಡರೆ ಶುರುವಿನ ವಾರಗಳಲ್ಲಿ ಮೇಲೆ ಹೋಗಿ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು, ಮಂಡಿ ಉಳಿಯುತ್ತದೆ. ಕೊನೆಯ ಎರಡು ತಿಂಗಳು ಚೆಲ್ಲಬೇಡಿ. ಶಿಖರದ ದಿನ ತೊಡೆ ನಡುಗುವುದು ಇಳಿಯುವಾಗಲೇ.

ಕೊನೆಯ ತಿಂಗಳಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಹನ್ನೆರಡು ಕಿಲೋ ಹೊತ್ತು 1,000 ಮೀಟರ್ ಏರಿ ಇಳಿಯಿರಿ, ಮರುದಿನ ಎದ್ದು ಅದನ್ನೇ ಮತ್ತೆ ಮಾಡಿ. ಎರಡನೇ ದಿನವೂ ಊಟ ಸೇರಿತು, ನಿದ್ದೆ ಬಂತು ಎಂದರೆ ತಯಾರಿ ಸಾಕು. ಹೊರಡುವ ಮುಂಚಿನ ಹತ್ತು ದಿನ ಕೈಕಾಲಿಗೆ ರಜೆ ಕೊಡಿ. ಆಗ ಹೆದರಿಕೊಂಡು ಜಾಸ್ತಿ ಓಡುವವರು ನೆಗಡಿ ಹಿಡಿಸಿಕೊಂಡು ವಿಮಾನ ಹತ್ತುತ್ತಾರೆ.

ಒಂದು ಮಾತು. ದೇಹ ಗಟ್ಟಿಯಿದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಅನ್ನುವುದು ಸುಳ್ಳು. ಮ್ಯಾರಥಾನ್ ಓಡುವವರಿಗೂ ಬರುತ್ತದೆ. ವೇಗವಾಗಿ ಮೇಲೇರುವುದರಿಂದ ಅವರಿಗೇ ಬೇಗ ಬರುವುದೂ ಉಂಟು.

5. ಬೂಟು, ಬಟ್ಟೆ, ಕೈಗವಸು

ಕಂಪನಿ ಕೊಡುವ ಪಟ್ಟಿಯಲ್ಲಿ ಎಲ್ಲ ಇರುತ್ತದೆ. ಅದನ್ನೇ ಇಲ್ಲಿ ಮತ್ತೆ ಬರೆಯುವುದಿಲ್ಲ. ತಪ್ಪಾಗುವ ಕಡೆ ಮಾತ್ರ ಹೇಳುತ್ತೇನೆ.

ಬೂಟು ಒಳಪದರ ಬೇರೆಯಾಗಿ ಬಿಚ್ಚಿಕೊಳ್ಳುವಂಥದ್ದಿರಲಿ, ರಾತ್ರಿ ಆ ಒಳಪದರ ಸ್ಲೀಪಿಂಗ್ ಬ್ಯಾಗಿನೊಳಗೆ ಬರಬೇಕು. ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದಕ್ಕೆ ತಾಗಬಾರದು. ಬಿಗಿಯಾದ ಬೂಟಿನಲ್ಲಿ ರಕ್ತ ಓಡುವುದಿಲ್ಲ, ರಕ್ತ ಓಡದ ಬೆರಳು ಮೊದಲು ಹೆಪ್ಪುಗಟ್ಟುತ್ತದೆ. ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಕಟ್ಟುವ ಮುಳ್ಳುಗಳು) ಮತ್ತು ಬೂಟನ್ನು ಒಟ್ಟಿಗೆ ಇಟ್ಟು ಜೋಡಿಸಿ ನೋಡಿ. ಬೇಸ್ ಕ್ಯಾಂಪಿಗೆ ಹೋದ ಮೇಲೆ ಕೂರುತ್ತಿಲ್ಲ ಅಂದರೆ ಮುಗಿಯಿತು ಕಥೆ.

ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಬೆವರು ಹೀರಿ ಒದ್ದೆಯಾಗಿ ಹಾಗೇ ಉಳಿಯುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ನಿಂತಾಗ ಹಾಕಿಕೊಳ್ಳಲು ದಪ್ಪ ಡೌನ್ ಜಾಕೆಟ್. ಒಂದು ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ, ಗಾಳಿ ಬೀಸಿದರೆ ಆ ಲೆಕ್ಕವೂ ಸಾಲದು.

ಕೈಗವಸು ಮೂರು ಜೊತೆ: ತೆಳುವಾದದ್ದು, ಕೆಲಸಕ್ಕೆ ಒಂದು, ಬೆರಳುಗಳೆಲ್ಲ ಒಟ್ಟಿಗೆ ಇರುವ ದಪ್ಪದ್ದೊಂದು. ದಪ್ಪದ್ದಕ್ಕೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಮಕ್ಕಳ ಥರ ಕಾಣುತ್ತದೆ ಅಂತ ನಾಚಬೇಡಿ. 1950ರ ಜೂನ್ 3ರಂದು ಅನ್ನಪೂರ್ಣ ಶಿಖರ ಮುಟ್ಟಿದ ಮೊರಿಸ್ ಎರ್ಜೋಗ್ ಇಳಿಯುವಾಗ ಕೈಗವಸು ಕಳೆದುಕೊಂಡರು. ಕಾಲ್ಬೆರಳುಗಳ ಜೊತೆ ಕೈಬೆರಳುಗಳನ್ನೂ ಕತ್ತರಿಸಬೇಕಾಯಿತು.

ಕನ್ನಡಕ ಹಿಮನದಿಗೆಂದೇ ಮಾಡಿದ, ಪಕ್ಕ ಮುಚ್ಚಿದ ನಾಲ್ಕನೇ ದರ್ಜೆಯದ್ದೇ ಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣವನ್ನು ಶೇಕಡಾ 80ರವರೆಗೆ ತಿರುಗಿಸಿ ಎಸೆಯುತ್ತದೆ. ಮೂಗಿನ ಹೊಳ್ಳೆಯ ಒಳಗೂ ಸನ್‌ಸ್ಕ್ರೀನ್ ಹಚ್ಚಿ. ತಮಾಷೆಯಲ್ಲ, ಅಲ್ಲೂ ಸುಡುತ್ತದೆ.

6. ಹಗ್ಗದ ಪಾಠ ಮನೆಯಲ್ಲೇ

ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ಬೇಸ್ ಕ್ಯಾಂಪಿನಲ್ಲಿ ಮೊದಲ ಸಲ ಜುಮಾರ್ (ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಜಾರುವ ಹಿಡಿಕೆ) ಹಿಡಿಯುವುದು ಅಂಥದ್ದೇ. ಬೇಸ್ ಕ್ಯಾಂಪಿನಲ್ಲಿ ಒಂದು ದಿನ ಕಲಿಸುತ್ತಾರೆ ನಿಜ. ಅಷ್ಟರಲ್ಲಿ ತಲೆ ಮಂಕಾಗಿರುತ್ತದೆ. ಏರಾಟ ಕಲಿಸುವ ಕಡೆ ಹೋಗಿ ಮುಂಚೆಯೇ ಕಲಿತುಕೊಳ್ಳಿ.

ಕಟ್ಟಿದ ಹಗ್ಗ ಹತ್ತುವಾಗ ನಿಮ್ಮ ಸೊಂಟಕ್ಕೂ ತೊಡೆಗೂ ಕಟ್ಟಿದ ಹಾರ್ನೆಸ್ಸಿನಿಂದ ಎರಡು ಕೊಂಡಿ ಹಗ್ಗಕ್ಕೆ ಹೋಗಿರುತ್ತವೆ: ಒಂದು ಜುಮಾರ್, ಇನ್ನೊಂದು ಸುರಕ್ಷತೆಯ ಕ್ಯಾರಬೀನರ್. ಹಗ್ಗವನ್ನು ಹಿಮಕ್ಕೆ ಬಿಗಿದ ಜಾಗ ಬಂದಾಗ ಮೊದಲು ಕ್ಯಾರಬೀನರ್ ತೆಗೆದು ಆಚೆ ಹಗ್ಗಕ್ಕೆ ಹಾಕಿ, ಮುಚ್ಚಿತಾ ನೋಡಿ, ಆಮೇಲೆ ಜುಮಾರ್ ದಾಟಿಸಿ. ಯಾವ ಕ್ಷಣದಲ್ಲೂ ಎರಡೂ ಒಟ್ಟಿಗೆ ಬಿಚ್ಚಿರಬಾರದು. ಇಳಿಯುವಾಗಲೂ ಮೊದಲು ಸುರಕ್ಷತೆಯ ಕೊಂಡಿ, ನಂತರ ಇಳಿಯುವ ಸಾಧನ. ಅದರ ಮೇಲೆ ಭಾರ ಹಾಕಿ ನೋಡಿ, ಆಮೇಲೆ ಹೆಜ್ಜೆ.

ಇದನ್ನು ಐವತ್ತು ಸಲ ಮಾಡಿ. ಕೈಗವಸು ಹಾಕಿಕೊಂಡು ಮಾಡಿ. ದೀಪ ಆರಿಸಿ ಹಣೆಯ ಟಾರ್ಚಿನ ಬೆಳಕಿನಲ್ಲಿ ಮಾಡಿ. ನಾನು ಕಿಟಕಿ ಸರಳಿಗೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದ್ದೆ. ಮನೆಯವರು ನಕ್ಕರು, ಇರಲಿ.

ಕ್ರ್ಯಾಂಪಾನ್ ಹಾಕಿದಾಗ ಕಾಲು ಸ್ವಲ್ಪ ಅಗಲಿಸಿ ನಡೆಯಿರಿ. ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುವವರು ಬಹಳ. ಹಗ್ಗದ ಮೇಲೆ ಎಂದೂ ಕಾಲಿಡಬೇಡಿ.

7. ಎತ್ತರಕ್ಕೆ ಒಗ್ಗುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮೇಲೇರಿದಾಗ ಉಸಿರು ತಾನಾಗಿ ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಮೆದುಳು "ಉಸಿರು ಸಾಕು" ಅಂತ ಬ್ರೇಕ್ ಹಾಕುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ಸರಿಮಾಡಲು ಕೆಲವು ದಿನ ಬೇಕು. ಡೈಯಾಮಾಕ್ಸ್ ಮಾಡುವುದು ಇದೇ ಕೆಲಸವನ್ನು ಬೇಗ. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ಎರಡನೇ ಹೆಜ್ಜೆಯಲ್ಲಿ ದಿನ ಎಣಿಸಿ ಅಂದಿದ್ದು ಇದಕ್ಕೇ.

ರಾತ್ರಿ ಪಕ್ಕದವರ ಉಸಿರು ಹತ್ತು ಸೆಕೆಂಡ್ ನಿಂತು ಒಮ್ಮೆಲೇ ಜೋರಾಗಿ ಶುರುವಾದರೆ ಗಾಬರಿ ಬೇಡ. ಮೇಲೆ ಹೇಳಿದ ಜಗ್ಗಾಟವೇ ಅದು. ನಿದ್ದೆ ಕೆಡುತ್ತದೆ, ಅಪಾಯವಿಲ್ಲ. ನಿದ್ದೆ ಮಾತ್ರೆ, ಮದ್ಯ ಬೇಡವೇ ಬೇಡ.

ಗಮನಿಸಬೇಕಾದದ್ದು ತಲೆನೋವು. ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು ಯಾವುದಾದರೂ ಸೇರಿದರೆ ಅದನ್ನು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಬೇರೆ ಕಾರಣವಿರಬಹುದು ಅನ್ನುವ ವಾದ ಕೆಳಗಿಳಿದ ಮೇಲೆ ಮಾಡೋಣ. ಸೌಮ್ಯವಾಗಿದ್ದರೆ ಅಲ್ಲೇ ಇರಿ, ಮೇಲೆ ಹೋಗಬೇಡಿ. ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ ಇಳಿಯಿರಿ.

ನಾನು ಮಾಡಿದ್ದೇನು ಗೊತ್ತಾ? ಬೆಳಿಗ್ಗೆ ಗೈಡ್ ಕೇಳಿದಾಗ "ಆರಾಮಾಗಿದ್ದೇನೆ" ಅಂದೆ. ತಂಡಕ್ಕೆ ನನ್ನಿಂದ ತಡವಾಗುತ್ತದೆ ಅನ್ನುವ ಮುಜುಗರ. ನೋವಿನ ಮಾತ್ರೆ ನುಂಗಿ ನಡೆದೆ. ಸಂಜೆ ವಾಂತಿ, ರಾತ್ರಿ ಟೆಂಟಿನ ಬಾಗಿಲ ಜಿಪ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಗೈಡ್ ಹೊರಗೆ ಕರೆದು ನೇರ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಯಲು ಹೇಳಿದರು. ನಾಲ್ಕನೇ ಹೆಜ್ಜೆಗೆ ವಾಲಿದೆ. ಮೆದುಳಿಗೆ ನೀರು ತುಂಬುವುದರ ಲಕ್ಷಣ ಅದು. ಆ ಕತ್ತಲಲ್ಲೇ ಇಳಿಸಿದರು. ಬೆಳಿಗ್ಗೆಯೇ ನಿಜ ಹೇಳಿದ್ದರೆ ಒಂದು ದಿನದ ವಿಶ್ರಾಂತಿಯಲ್ಲಿ ಮುಗಿಯುತ್ತಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತರಿಸಿದ್ದು ನಾನೇ.

ಇನ್ನೊಂದು ಅಪಾಯ, ಶ್ವಾಸಕೋಶಕ್ಕೆ ನೀರು ತುಂಬುವುದು. ಸುಮ್ನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿ, ಕೊನೆಗೆ ಗುಲಾಬಿ ಬಣ್ಣದ ನೊರೆ. ಇದಕ್ಕೆ ತಲೆನೋವು ಮೊದಲು ಬರಲೇಬೇಕು ಅಂತಿಲ್ಲ. ಎರಡಕ್ಕೂ ಮದ್ದು ಇಳಿಯುವುದು. 300ರಿಂದ 1,000 ಮೀಟರ್, ಸುಧಾರಿಸುವವರೆಗೆ, ಒಬ್ಬರನ್ನೇ ಬಿಡದೆ. ಆಮ್ಲಜನಕ, ಒತ್ತಡದ ಚೀಲ, ಡೆಕ್ಸಾಮೆಥಾಸೋನ್, ನಿಫೆಡಿಪಿನ್‌ನಂಥ ಔಷಧಿ ಎಲ್ಲ ಇಳಿಯಲು ಸಮಯ ಕೊಡುತ್ತವೆ, ಇಳಿಯುವುದಕ್ಕೆ ಬದಲಿಯಲ್ಲ.

ಬೆರಳಿಗೆ ಹಾಕುವ ಆಮ್ಲಜನಕದ ಯಂತ್ರವನ್ನು ಅತಿಯಾಗಿ ನಂಬಬೇಡಿ. ಕೈ ತಣ್ಣಗಿದ್ದರೆ ಅಂಕಿ ಸುಳ್ಳು. ಮುಖ ನೋಡಿ, ನಡಿಗೆ ನೋಡಿ, ಊಟದ ತಟ್ಟೆ ನೋಡಿ.

8. ಕ್ಯಾಂಪಿನ ದಿನಗಳು

ಮೂತ್ರ ತಿಳಿಬಣ್ಣದಲ್ಲಿ ಇರುವಷ್ಟು ನೀರು ಸಾಕು. ಬಾಯಾರಿಕೆ ಮೀರಿ ಲೀಟರುಗಟ್ಟಲೆ ಕುಡಿದರೆ ಕಾಯಿಲೆ ತಪ್ಪುವುದಿಲ್ಲ. 6,000 ಮೀಟರಿನಲ್ಲಿ ನೀರು ಸುಮಾರು 80 ಡಿಗ್ರಿಗೇ ಕುದಿಯುವುದರಿಂದ ಬೇಯುವುದು ತಡ, ಹಿಮ ಕರಗಿಸುವುದೇ ಗಂಟೆಗಳ ಕೆಲಸ. ಹಾಗಾಗಿ ಬಂದ ತಕ್ಷಣ ಬಾಟಲಿ ತುಂಬಿಸಿಕೊಳ್ಳಿ. ಬಿಸಿನೀರಿನ ಬಾಟಲಿ ಮಲಗುವಾಗ ಕಾಲ ಬಳಿ. ಬೆಳಿಗ್ಗೆ ಚೀಲದಲ್ಲಿ ಅದನ್ನು ತಲೆಕೆಳಗಾಗಿಡಿ. ಮಂಜುಗಡ್ಡೆ ಮೇಲಿಂದ ಕಟ್ಟುತ್ತದೆ, ಮುಚ್ಚಳ ಉಳಿಯುತ್ತದೆ. ಬ್ಯಾಟರಿ, ಫೋನ್ ಮೈಗಂಟಿಕೊಂಡಿರಲಿ. ಮೂತ್ರದ ಬಾಟಲಿಗೆ ದಪ್ಪನೆಯ ಟೇಪ್ ಸುತ್ತಿ, ಕತ್ತಲಲ್ಲಿ ಮುಟ್ಟಿದರೆ ಗೊತ್ತಾಗಬೇಕು. ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

9. ಶಿಖರದ ರಾತ್ರಿ

ಹೊರಡುವುದು ಮಧ್ಯರಾತ್ರಿಯ ನಂತರ ಒಂದೆರಡು ಗಂಟೆಗೆ. ಬಿಸಿಲು ಏರುವ ಮೊದಲು ಹಿಮ ಗಟ್ಟಿ, ಬಿರುಕುಗಳ ಮೇಲಿನ ಹಿಮದ ಸೇತುವೆಗಳೂ ಗಟ್ಟಿ. ಹಿಂದಿನ ಸಂಜೆಯೇ ಎಲ್ಲ ಜೋಡಿಸಿಡಿ. ಶೌಚ ಮುಗಿಸಿ ಹಾರ್ನೆಸ್ ಕಟ್ಟಿ, ಈ ಕ್ರಮ ತಪ್ಪಬೇಡಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ.

ಹೆಜ್ಜೆಗೆ ಒಂದು ಲಯವಿದೆ. ಹಿಂದಿನ ಕಾಲಿನ ಮಂಡಿ ನೆಟ್ಟಗೆ ಮಾಡಿ ಭಾರವನ್ನು ಮೂಳೆಯ ಮೇಲೆ ಬಿಡಿ, ಒಂದು ಉಸಿರು, ಆಮೇಲೆ ಮುಂದಿನ ಹೆಜ್ಜೆ. ಹಿಮನದಿಯ ಮೇಲೆ ನಿಮ್ಮ ಮತ್ತು ಮುಂದಿನವರ ನಡುವಿನ ಹಗ್ಗ ಜೋತು ಬೀಳದಿರಲಿ. ಅವರು ಬಿರುಕಿಗೆ ಬಿದ್ದರೆ ಸಡಿಲ ಹಗ್ಗದಷ್ಟು ಆಳ ಹೆಚ್ಚು ಬೀಳುತ್ತಾರೆ. ನಿಂತಲ್ಲೆಲ್ಲ ಒಂದು ಗುಟುಕು, ಒಂದು ತುತ್ತು. ಬೆರಳು ಮರಗಟ್ಟಿದರೆ ಆಗಲೇ ಹೇಳಿ.

ತಿರುಗುವ ಗಂಟೆಯನ್ನು ಹಿಂದಿನ ದಿನವೇ ಗೈಡ್ ಹೇಳುತ್ತಾರೆ. ಹೇಳದಿದ್ದರೆ ಕೇಳಿ, ಎಲ್ಲರೆದುರು. 1996ರ ಮೇ 10ರಂದು ಎವರೆಸ್ಟ್ ಮೇಲೆ ಹಲವರು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೂ ಹತ್ತುತ್ತಲೇ ಇದ್ದರು. ಬಿರುಗಾಳಿ ಬಂತು. ಅಂದು ಮತ್ತು ಮರುದಿನ ಸೇರಿ ಎಂಟು ಜನ ಸತ್ತರು, ಅವರಲ್ಲಿ ನುರಿತ ಗೈಡ್‌ಗಳೂ ಇದ್ದರು. ತುದಿ ಕಣ್ಣೆದುರು ಇರುವಾಗ ಯಾರ ಲೆಕ್ಕವೂ ನೆಟ್ಟಗಿರುವುದಿಲ್ಲ. ಅದಕ್ಕೇ ಗಂಟೆಯನ್ನು ಕೆಳಗಿದ್ದಾಗಲೇ ಗೊತ್ತುಮಾಡುವುದು.

10. ಇಳಿಯುವುದು

ತುದಿಯಲ್ಲಿ ಹದಿನೈದು ನಿಮಿಷ ಸಾಕು. ಫೋಟೋಗೆ ಕೈಗವಸು ತೆಗೆಯುವುದಾದರೆ ತೆಳುವಾದದ್ದು ಕೈಯಲ್ಲೇ ಇರಲಿ. ಇಳಿಯಲು ಶುರುಮಾಡುವ ಮೊದಲು ಏನಾದರೂ ತಿನ್ನಿ, ಕ್ರ್ಯಾಂಪಾನ್ ಪಟ್ಟಿ ಬಿಗಿ ಮಾಡಿ. ಈಗ ಬೆಳಕಿದೆ, ಕೆಳಗಿನ ಪ್ರಪಾತ ಕಾಣುತ್ತದೆ, ಕಾಲು ಸೋತಿದೆ, ಮನಸ್ಸು ಆಗಲೇ ಕ್ಯಾಂಪಿನಲ್ಲಿದೆ. ಪ್ರತಿ ಕೊಂಡಿ ಹಾಕುವಾಗ ಬಾಯಿಬಿಟ್ಟು ಹೇಳಿಕೊಳ್ಳಿ: "ಹಾಕಿದೆ, ಮುಚ್ಚಿದೆ." ಪಕ್ಕದವರು ಎಡವುತ್ತಿದ್ದರೆ, ತೊದಲುತ್ತಿದ್ದರೆ, ಕೈಯಿಂದ ಸಾಮಾನು ಬೀಳಿಸುತ್ತಿದ್ದರೆ ಮೈ ತಣ್ಣಗಾಗುತ್ತಿದೆ ಅಂತ ಅರ್ಥ. ತಕ್ಷಣ ಗೈಡ್‌ಗೆ ಕೂಗಿ ಹೇಳಿ.

ಟೆಂಟಿಗೆ ಬಂದ ಮೇಲೆ ಬಿದ್ದುಕೊಳ್ಳುವ ಮೊದಲು ಕಾಲುಚೀಲ ಬಿಚ್ಚಿ ಬೆರಳು ಒಂದೊಂದಾಗಿ ನೋಡಿ. ಬಿಳಿಚಿಕೊಂಡು ಮೇಣದಂತೆ ಗಟ್ಟಿಯಾಗಿದ್ದರೆ ಉಜ್ಜಬೇಡಿ, ಒಲೆಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಕರಗಿಸುವುದೂ ಬೇಡ. ಕರಗಿ ಮತ್ತೆ ಗಟ್ಟಿಯಾದ ಬೆರಳಿಗೆ ಹಾನಿ ಇನ್ನೂ ಜಾಸ್ತಿ. ಸುರಕ್ಷಿತ ಕ್ಯಾಂಪಿಗೆ ಬಂದ ಮೇಲೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಇಡುತ್ತಾರೆ. ಬಹಳ ನೋಯುತ್ತದೆ, ನೋವಿನ ಮಾತ್ರೆ ಮೊದಲೇ ನುಂಗಿ.

ಸಾಧ್ಯವಾದರೆ ಅದೇ ದಿನ ಇನ್ನೊಂದು ಕ್ಯಾಂಪ್ ಕೆಳಗೆ ಹೋಗಿ ಮಲಗಿ. ಮಲ ತುಂಬಿದ ಚೀಲವನ್ನೂ ಒಳಗೊಂಡು ನಿಮ್ಮ ಕಸವೆಲ್ಲ ಜೊತೆಗೆ ಇಳಿಯಬೇಕು. ಡೆನಾಲಿಯಲ್ಲಿ ಇದಕ್ಕೆಂದೇ ಡಬ್ಬಿ ಕೊಡುತ್ತಾರೆ. ನಿಮ್ಮ ಪರ್ವತದಲ್ಲಿ ಕೊಡದಿದ್ದರೆ ಗಟ್ಟಿ ಮುಚ್ಚಳದ ಡಬ್ಬಿಯೊಂದನ್ನು ನೀವೇ ಒಯ್ಯಿರಿ. ಹೊರಡುವ ಮೊದಲು ಟೆಂಟ್ ಇದ್ದ ಜಾಗವನ್ನು ಒಮ್ಮೆ ಸುತ್ತಿ ನೋಡಿ. ಹಿಮದಲ್ಲಿ ಹೂತ ಟೆಂಟ್ ಮೊಳೆ ಒಂದಾದರೂ ಸಿಗುತ್ತದೆ.